ಕರಗುವ ಪಾಲಿಇಮೈಡ್‌ಗಳು: ತಯಾರಿಕೆ, ಗುಣ, ಎದುರಾಗುವ ತೊಂದರೆಗಳು (ಪದೇ ಪದೇ ಕೇಳುವ ಪ್ರಶ್ನೆಗಳು)

ಪ್ರಯೋಗಾಲಯದಲ್ಲಿ ಮೊದಲ ಸಲ ಪಾಲಿಇಮೈಡ್ ಮಾಡಲು ಹೊರಟವರಿಗೆ ಮತ್ತು ಮಾಡಿ ಕೈಸುಟ್ಟುಕೊಂಡವರಿಗೆ ಈ ಪುಟ. ಪಾಲಿಇಮೈಡ್ ಎಂದರೆ ಡೈಅನ್‌ಹೈಡ್ರೈಡ್ ಮತ್ತು ಡೈಅಮೈನ್ ಸೇರಿಸಿ ಮಾಡುವ, ಸರಪಳಿಯಲ್ಲಿ ಇಮೈಡ್ ಉಂಗುರಗಳಿರುವ, ಶಾಖ ತಡೆಯುವ ಪಾಲಿಮರ್. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: 6ಎಫ್‌ಡಿಎ ಎಂಬ ಡೈಅನ್‌ಹೈಡ್ರೈಡ್ ಮತ್ತು ಒಡಿಎ, ಅಂದರೆ 4,4'-ಆಕ್ಸಿಡೈಅನಿಲೀನ್ ಎಂಬ ಡೈಅಮೈನ್. ಇಲ್ಲಿನ ತಾಪಮಾನಗಳೆಲ್ಲ ಸೆಲ್ಸಿಯಸ್‌ನಲ್ಲಿವೆ. ಟಿಜಿ ಎಂದರೆ ಪಾಲಿಮರ್ ಗಾಜಿನಂಥ ಬಿಗಿ ಸ್ಥಿತಿಯಿಂದ ಮೆದುವಾಗುವ ತಾಪಮಾನ.

ಪಾಲಿಇಮೈಡ್ ಯಾವುದರಲ್ಲೂ ಕರಗುವುದಿಲ್ಲ ಎಂದು ಓದಿದ್ದೇವೆ. ಕರಗುವ ಪಾಲಿಇಮೈಡ್ ಹೇಗೆ ಸಾಧ್ಯ?

ನೀವು ಓದಿದ್ದು ಕ್ಯಾಪ್ಟನ್ (Kapton) ಎಂಬ ಫಿಲ್ಮ್ ಬಗ್ಗೆ ಇರಬೇಕು. ಡುಪಾಂಟ್ ಕಂಪನಿ 1960ರ ದಶಕದಲ್ಲಿ ಮಾರುಕಟ್ಟೆಗೆ ತಂದ ಈ ಫಿಲ್ಮ್ ಪಿಎಂಡಿಎ (ಪೈರೊಮೆಲ್ಲಿಟಿಕ್ ಡೈಅನ್‌ಹೈಡ್ರೈಡ್) ಮತ್ತು ಒಡಿಎಗಳಿಂದ ಆದದ್ದು. ಬೆಂಗಳೂರಿನಲ್ಲಿ ಜೋಡಿಸುವ ಉಪಗ್ರಹಗಳ ಮೇಲೆ ಕಾಣುವ ಚಿನ್ನದ ಬಣ್ಣದ ಹೊದಿಕೆ ಇದೇ ಜಾತಿಯದು: ಹಳದಿ ಪಾಲಿಇಮೈಡ್ ಫಿಲ್ಮಿನ ಹಿಂಬದಿಗೆ ಅಲ್ಯೂಮಿನಿಯಂ ಲೇಪ.

ಕ್ಯಾಪ್ಟನ್ ಕರಗದಿರಲು ಕಾರಣ ಅದರ ಸರಪಳಿಗಳು ಚಪ್ಪಟೆಯಾಗಿ, ತಟ್ಟೆಯ ಮೇಲೆ ತಟ್ಟೆ ಇಟ್ಟಂತೆ, ಒಂದಕ್ಕೊಂದು ಒತ್ತಿಕೊಂಡು ಕೂರುವುದು. ಒಂದು ಸರಪಳಿಯ ಇಮೈಡ್ ಭಾಗ ಎಲೆಕ್ಟ್ರಾನ್ ಸೆಳೆಯುತ್ತದೆ, ಪಕ್ಕದ ಸರಪಳಿಯ ಅಮೈನ್ ಕಡೆಯ ಉಂಗುರ ಎಲೆಕ್ಟ್ರಾನ್ ಕೊಡುತ್ತದೆ. ಈ ಸೆಳೆತದ ನಡುವೆ ದ್ರಾವಕದ ಅಣು ನುಸುಳಲು ಜಾಗವೇ ಇರುವುದಿಲ್ಲ. ಆ ಜೋಡಣೆ ಕೆಡಿಸಿದರೆ ಪಾಲಿಇಮೈಡ್ ಕರಗುತ್ತದೆ.

ಕರಗುವಂತೆ ಮಾಡಿದರೆ ಶಾಖ ತಡೆಯುವ ಗುಣ ಹೋಗುವುದಿಲ್ಲವೇ?

ಹೋಗಲೇಬೇಕೆಂದಿಲ್ಲ. ಶಾಖಕ್ಕೆ ಪಾಲಿಮರ್ ಒಡೆಯುವುದು ಸರಪಳಿಯೊಳಗಿನ ಬಂಧ ಮುರಿದಾಗ. ಕರಗುವುದು ಸರಪಳಿ ಸರಪಳಿಗಳ ನಡುವಿನ ಹಿಡಿತ ಸಡಿಲವಾದಾಗ. ಇವೆರಡೂ ಬೇರೆ ಬೇರೆ ವಿಷಯ. ಬೆಂಜೀನ್ ಉಂಗುರ, ಇಮೈಡ್ ಉಂಗುರಗಳನ್ನು ಹಾಗೇ ಉಳಿಸಿಕೊಂಡು ಜೋಡಣೆಯನ್ನಷ್ಟೇ ಕೆಡಿಸುವುದು ಈ ಕ್ಷೇತ್ರದ ಇಡೀ ಕಸುಬು.

ಉದ್ದ ಆಲ್ಕೈಲ್ ಬಾಲ ಜೋಡಿಸಿದರೂ ಪಾಲಿಮರ್ ಕರಗುತ್ತದೆ. ಆದರೆ ಆ ಬಾಲವೇ ಮೊದಲು ಸುಟ್ಟುಹೋಗುತ್ತದೆ, ಟಿಜಿಯೂ ಕುಸಿಯುತ್ತದೆ. ಅದು ಸುಲಭದ ದಾರಿ, ಶಾಖ ತಡೆಯಬೇಕಾದ ಕೆಲಸಕ್ಕೆ ತಪ್ಪು ದಾರಿ.

ಹಾಗಾದರೆ ಯಾವ ಗುಂಪುಗಳನ್ನು ಸೇರಿಸಬೇಕು?

ಚೆನ್ನಾಗಿ ಕೆಲಸ ಮಾಡುವವು ನಾಲ್ಕು ಬಗೆ. ಮೊದಲನೆಯದು ಸರಪಳಿಯ ನಡುವೆ ಹೆಕ್ಸಾಫ್ಲೋರೋಐಸೋಪ್ರೊಪಿಲಿಡೀನ್, ಅಂದರೆ ಒಂದೇ ಇಂಗಾಲದ ಮೇಲೆ ಎರಡು ಟ್ರೈಫ್ಲೋರೋಮೀಥೈಲ್. 6ಎಫ್‌ಡಿಎಯಲ್ಲಿ ಇರುವುದು ಇದೇ. ಸರಪಳಿ ಇಲ್ಲಿ ಬಾಗುತ್ತದೆ, ಗುಂಪು ದಪ್ಪವಾದ್ದರಿಂದ ಪಕ್ಕದ ಸರಪಳಿ ದೂರ ಸರಿಯುತ್ತದೆ, ಕಾರ್ಬನ್-ಫ್ಲೋರಿನ್ ಬಂಧ ಗಟ್ಟಿಯಾದ್ದರಿಂದ ಶಾಖಕ್ಕೂ ತಡೆಯುತ್ತದೆ.

ಎರಡನೆಯದು ಕಾರ್ಡೋ ಗುಂಪುಗಳು. ಫ್ಲೋರೀನ್ (fluorene; ಫ್ಲೋರಿನ್ ಧಾತು ಅಲ್ಲ) ಅಥವಾ ಥ್ಯಾಲೈಡ್ ಉಂಗುರ ಸರಪಳಿಗೆ ಅಡ್ಡಲಾಗಿ, ಒಂದೇ ಇಂಗಾಲದ ಮೂಲಕ ಕೂರುತ್ತದೆ. ಮಾಸ್ಕೋದ ಕೋರ್ಷಾಕ್ ಮತ್ತು ವಿನೋಗ್ರಾದೋವಾ ಅವರ ಗುಂಪು ಇವನ್ನು ವಿವರವಾಗಿ ಅಧ್ಯಯನ ಮಾಡಿತು. ಕಾರ್ಡೋ ವಿಧಾನದ ಲಾಭವೆಂದರೆ ಕರಗುವ ಗುಣ ಬರುವಾಗ ಟಿಜಿ ಇಳಿಯುವುದಿಲ್ಲ, ಹಲವು ಸಲ ಏರುತ್ತದೆ. ಅಡ್ಡ ಉಂಗುರದಿಂದಾಗಿ ಸರಪಳಿ ಸುಲಭವಾಗಿ ತಿರುಗಲಾರದು. ಫ್ಲೋರಿನ್ ಬೇಡ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಮೂರನೆಯದು ತಿರುಚಿದ ಬೈಫಿನೈಲ್. ಟಿಎಫ್‌ಎಂಬಿ ಡೈಅಮೈನ್‌ನಲ್ಲಿ 2 ಮತ್ತು 2' ಸ್ಥಾನದ ಟ್ರೈಫ್ಲೋರೋಮೀಥೈಲ್‌ಗಳು ಎರಡು ಉಂಗುರಗಳನ್ನು ಒಂದೇ ಸಮತಲದಲ್ಲಿ ಮಲಗಲು ಬಿಡುವುದಿಲ್ಲ. ನಾಲ್ಕನೆಯದು ಈಥರ್ ಮತ್ತು ಮೆಟಾ ಜೋಡಣೆ. ಇವು ಸರಪಳಿಯನ್ನು ಬಳುಕಿಸುತ್ತವೆ, ಅಷ್ಟೇ ಪ್ರಮಾಣದಲ್ಲಿ ಟಿಜಿ ಇಳಿಸುತ್ತವೆ. ಜನರಲ್ ಎಲೆಕ್ಟ್ರಿಕ್ 1982ರಲ್ಲಿ ತಂದ ಅಲ್ಟೆಮ್ ಇದಕ್ಕೆ ಸಾಕ್ಷಿ: ಡೈಕ್ಲೋರೋಮೀಥೇನ್‌ನಲ್ಲೂ ಕರಗುತ್ತದೆ, ಬಿಸಿಯಿಂದ ಕರಗಿಸಿ ಅಚ್ಚಿಗೂ ಹಾಕಬಹುದು, ಆದರೆ ಟಿಜಿ 217 ಡಿಗ್ರಿ ಮಾತ್ರ. 6ಎಫ್‌ಡಿಎ-ಒಡಿಎ ಸುಮಾರು 300ರ ಆಸುಪಾಸಿನಲ್ಲಿರುತ್ತದೆ.

ಮೊನೊಮರ್ ಮತ್ತು ದ್ರಾವಕವನ್ನು ಎಷ್ಟು ಒಣಗಿಸಬೇಕು?

ಎಲ್ಲಕ್ಕಿಂತ ಹೆಚ್ಚು ಬ್ಯಾಚ್‌ಗಳು ಕೆಡುವುದು ಇಲ್ಲಿ. ಒಂದು ಲೆಕ್ಕ ನೋಡಿ. ಕೆಳಗೆ ಕೊಟ್ಟಿರುವ ಪಾಕಕ್ಕೆ 73 ಗ್ರಾಂ ಎನ್‌ಎಂಪಿ (ಎನ್-ಮೀಥೈಲ್ ಪಿರೊಲಿಡೋನ್ ಎಂಬ ದ್ರಾವಕ) ಬೇಕು. ಅದರಲ್ಲಿ ಶೇ 0.05 ನೀರಿದ್ದರೆ 36 ಮಿಲಿಗ್ರಾಂ, ಅಂದರೆ 2 ಮಿಲಿಮೋಲ್. ನೀವು ಹಾಕುವ ಡೈಅನ್‌ಹೈಡ್ರೈಡ್ 20 ಮಿಲಿಮೋಲ್. ಹತ್ತಕ್ಕೆ ಒಂದರಂತೆ ನೀರಿನ ಅಣು ಕಾದು ಕೂತಿದೆ. ಅಮೈನ್ ನೀರಿಗಿಂತ ಬಹಳ ವೇಗವಾಗಿ ಪ್ರತಿಕ್ರಿಯಿಸುವುದರಿಂದ ಅಷ್ಟೂ ನೀರು ಹಾನಿ ಮಾಡುವುದಿಲ್ಲ ನಿಜ, ಆದರೂ ಸರಪಳಿ ಉದ್ದವಾಗುತ್ತ ಅಮೈನ್ ತುದಿಗಳು ವಿರಳವಾದಾಗ ನೀರಿನ ಕೈ ಮೇಲಾಗುತ್ತದೆ.

ಎನ್‌ಎಂಪಿಯನ್ನು ಕ್ಯಾಲ್ಸಿಯಂ ಹೈಡ್ರೈಡ್ ಮೇಲೆ ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಿ, ಸಕ್ರಿಯಗೊಳಿಸಿದ 4 ಆಂಗ್‌ಸ್ಟ್ರಾಂ ಮಾಲಿಕ್ಯುಲರ್ ಸೀವ್ ಮೇಲೆ ಇಡಿ. ನೀರಿನ ಅಂಶ ಅಳೆಯುವ ಕಾರ್ಲ್ ಫಿಷರ್ ಪರೀಕ್ಷೆಯಲ್ಲಿ ನೀರು ಹತ್ತು ಲಕ್ಷಕ್ಕೆ 100 ಭಾಗದ ಕೆಳಗಿರಬೇಕು, 50 ಆದರೆ ಒಳ್ಳೆಯದು. ಸೀವ್‌ನ ಪುಡಿ ದ್ರಾವಕದ ಜೊತೆ ಬಂದರೆ ಫಿಲ್ಮ್‌ನಲ್ಲಿ ಚುಕ್ಕೆಯಾಗಿ ಕಾಣುತ್ತದೆ, ಬಳಸುವ ಮುನ್ನ ಸೋಸಿ.

6ಎಫ್‌ಡಿಎಯನ್ನು ನಿರ್ವಾತ ಓವನ್‌ನಲ್ಲಿ 160ರಿಂದ 180 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ತೇವ ಹೀರಿ ಆಸಿಡ್ ಆಗಿದ್ದ ಭಾಗ ನೀರು ಕಳೆದುಕೊಂಡು ಮತ್ತೆ ಅನ್‌ಹೈಡ್ರೈಡ್ ಆಗಿ ಮುಚ್ಚಿಕೊಳ್ಳುತ್ತದೆ. ಕರಗುವ ಬಿಂದು 244ರಿಂದ 247 ಇರಬೇಕು. ಎಫ್‌ಟಿಐಆರ್‌ನಲ್ಲಿ (ಅವಕೆಂಪು ವರ್ಣಪಟಲ, ಅಂಕಿಗಳು ಪ್ರತಿ ಸೆಂಟಿಮೀಟರಿಗೆ) 2500ರಿಂದ 3300ರವರೆಗೆ ಅಗಲವಾದ ಉಬ್ಬು ಕಂಡರೆ ಇನ್ನೂ ಆಸಿಡ್ ಉಳಿದಿದೆ. ಒಡಿಎ ಹಳೆಯದಾದರೆ ಗಾಳಿಗೆ ಕಂದಾಗುತ್ತದೆ. ಎಥೆನಾಲ್‌ನಲ್ಲಿ ಮರುಸ್ಫಟಿಕೀಕರಣ ಮಾಡಿ, ಇಲ್ಲವೇ ನಿರ್ವಾತದಲ್ಲಿ ಉತ್ಪತನ ಮಾಡಿ. ಹಾಗೇ ಬಳಸಿದರೆ ಕೊನೆಯ ಫಿಲ್ಮ್ ಕೂಡ ಕಂದು.

ಪೂರ್ತಿ ಪಾಕ, ಅಳತೆ ಸಮೇತ ಕೊಡುತ್ತೀರಾ?

250 ಮಿಲಿಲೀಟರ್‌ನ ಮೂರು ಕತ್ತಿನ ಫ್ಲಾಸ್ಕ್, ಮೆಕ್ಯಾನಿಕಲ್ ಸ್ಟಿರರ್, ಒಣ ನೈಟ್ರೋಜನ್, ಹೊರದಾರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಕೊಳವೆ. ಮ್ಯಾಗ್ನೆಟಿಕ್ ಸ್ಟಿರರ್ ಸಾಲದು, ದ್ರಾವಣ ದಪ್ಪವಾದಾಗ ಅದು ನಿಂತುಬಿಡುತ್ತದೆ. ಫ್ಲಾಸ್ಕನ್ನು 120 ಡಿಗ್ರಿ ಓವನ್‌ನಲ್ಲಿ ಒಣಗಿಸಿ, ನೈಟ್ರೋಜನ್ ಹರಿಸುತ್ತ ತಣಿಸಿ.

ಒಡಿಎ 4.005 ಗ್ರಾಂ (20 ಮಿಲಿಮೋಲ್) ತೂಗಿ 55 ಮಿಲಿಲೀಟರ್ ಎನ್‌ಎಂಪಿಯಲ್ಲಿ ಪೂರ್ತಿ ಕರಗಿಸಿ. ಮಂಜುಗಡ್ಡೆಯ ತೊಟ್ಟಿಯಲ್ಲಿ ಇಟ್ಟು 6ಎಫ್‌ಡಿಎ 8.885 ಗ್ರಾಂ (20 ಮಿಲಿಮೋಲ್) ಪುಡಿಯಾಗಿಯೇ, ನಾಲ್ಕೈದು ಕಂತುಗಳಲ್ಲಿ ಹಾಕಿ. ತೂಗಿದ ಪಾತ್ರೆ, ಫನೆಲ್‌ಗೆ ಅಂಟಿದ್ದನ್ನು ಉಳಿದ 16 ಮಿಲಿಲೀಟರ್ ಎನ್‌ಎಂಪಿಯಿಂದ ತೊಳೆದು ಒಳಗೆ ಸೇರಿಸಿ. ಹೀಗೆ ಘನಾಂಶ ಶೇ 15 ಆಗುತ್ತದೆ. ಅರ್ಧ ಗಂಟೆಯ ನಂತರ ಮಂಜು ತೆಗೆದು, ಕೋಣೆಯ ತಾಪಮಾನದಲ್ಲಿ 12ರಿಂದ 24 ಗಂಟೆ ಕಲಕಿ. ಈಗ ಕೈಯಲ್ಲಿರುವುದು ಪಾಲಿಅಮಿಕ್ ಆಸಿಡ್, ಅಂದರೆ ಇಮೈಡ್ ಉಂಗುರ ಇನ್ನೂ ಮುಚ್ಚದ ಸರಪಳಿ.

ಇಮೈಡ್ ಉಂಗುರ ಮುಚ್ಚಲು ಅಸೆಟಿಕ್ ಅನ್‌ಹೈಡ್ರೈಡ್ 7.6 ಮಿಲಿಲೀಟರ್, ಪಿರಿಡೀನ್ 6.5 ಮಿಲಿಲೀಟರ್ ಸೇರಿಸಿ. ಎರಡೂ ಸುಮಾರು 80 ಮಿಲಿಮೋಲ್, ಅಂದರೆ ಮುಚ್ಚಬೇಕಾದ ಪ್ರತಿ ಉಂಗುರಕ್ಕೆ ಎರಡೆರಡು. ರಾತ್ರಿಯಿಡೀ ಕಲಕಿ, ಆಮೇಲೆ 60ರಿಂದ 80 ಡಿಗ್ರಿಯಲ್ಲಿ 3-4 ಗಂಟೆ ಇಡಿ. ತಣಿದ ಮೇಲೆ ಸ್ವಲ್ಪ ಎನ್‌ಎಂಪಿ ಸೇರಿಸಿ ತೆಳುಮಾಡಿ, ಜೋರಾಗಿ ಕಲಕುತ್ತಿರುವ ಒಂದು ಲೀಟರ್ ಮೆಥನಾಲ್‌ಗೆ ಸಣ್ಣ ಧಾರೆಯಾಗಿ ಸುರಿಯಿರಿ. ಅವಸರ ಬೇಡ, ಉಳಿದ ಅಸೆಟಿಕ್ ಅನ್‌ಹೈಡ್ರೈಡ್ ಮೆಥನಾಲ್ ಜೊತೆ ಬಿಸಿಯಾಗುತ್ತದೆ. ಬಿಳಿ ನಾರುಗಳಾಗಿ ಪಾಲಿಮರ್ ಹೊರಬರುತ್ತದೆ. ಸಿದ್ಧಾಂತದ ಪ್ರಕಾರ 12.17 ಗ್ರಾಂ ಬರಬೇಕು.

ನಾರಿನ ಬದಲು ಹಿಟ್ಟಿನಂತೆ ಬಿದ್ದರೆ ಅಣುತೂಕ ಕಡಿಮೆ ಎಂಬುದಕ್ಕೆ ಅದು ಮೊದಲ ಸುಳಿವು. ದೊಡ್ಡ ಮುದ್ದೆಯಾದರೆ ದ್ರಾವಣ ದಪ್ಪವಾಗಿತ್ತು ಅಥವಾ ಧಾರೆ ದೊಡ್ಡದಾಗಿತ್ತು. ಮುದ್ದೆಯ ಒಳಗೆ ಎನ್‌ಎಂಪಿ ಸಿಕ್ಕಿಕೊಂಡಿರುತ್ತದೆ, ಕತ್ತರಿಸಿ ಮತ್ತೆ ತೊಳೆಯಲೇಬೇಕು. ಬಿಸಿ ಮೆಥನಾಲ್‌ನಲ್ಲಿ ಎರಡು ಮೂರು ಸಲ ತೊಳೆದು, 100 ಡಿಗ್ರಿಯಲ್ಲಿ ಕೆಲವು ಗಂಟೆ, ನಂತರ ನಿರ್ವಾತದಲ್ಲಿ 180 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ.

ಡೈಅನ್‌ಹೈಡ್ರೈಡನ್ನೇ ಕೊನೆಗೆ, ಪುಡಿಯಾಗಿ ಏಕೆ ಹಾಕಬೇಕು?

ಮೊದಲೇ ಎನ್‌ಎಂಪಿಯಲ್ಲಿ ಕರಗಿಸಿಟ್ಟರೆ, ಅಮೈನ್ ಇಲ್ಲದ ಆ ಹೊತ್ತಿನಲ್ಲಿ ದ್ರಾವಕದ ನೀರಿನ ಜೊತೆ ಪ್ರತಿಕ್ರಿಯಿಸಲು ಅದಕ್ಕೆ ಬಿಡುವು ಸಿಗುತ್ತದೆ. ಪುಡಿಯಾಗಿ ಹಾಕಿದರೆ ಪ್ರತಿ ಕಣ ಕರಗುವಾಗಲೇ ಸುತ್ತ ಅಮೈನ್ ಇರುತ್ತದೆ.

ದ್ರಾವಣ ದಪ್ಪವಾಗಲೇ ಇಲ್ಲ. ಏನು ತಪ್ಪಾಗಿದೆ?

ನೀರನ್ನು ಪಕ್ಕಕ್ಕಿಟ್ಟರೆ ಮುಂದಿನ ಅನುಮಾನ ತಕ್ಕಡಿಯ ಮೇಲೆ, ಆಮೇಲೆ ಮೊನೊಮರ್‌ನ ಶುದ್ಧತೆಯ ಮೇಲೆ. ಎರಡು ಮೊನೊಮರ್‌ಗಳಲ್ಲಿ ಒಂದು ಶೇ 2ರಷ್ಟು ಕಡಿಮೆಯಾದರೆ, ಪ್ರತಿಕ್ರಿಯೆ ನೂರಕ್ಕೆ ನೂರು ಮುಗಿದರೂ ಸರಪಳಿಯಲ್ಲಿ ಸರಾಸರಿ 99 ಮೊನೊಮರ್ ಘಟಕಗಳಷ್ಟೇ ಇರುತ್ತವೆ. ನಮ್ಮ ಪಾಲಿಮರ್‌ಗೆ ಅದು ಸುಮಾರು 30,000 ಅಣುತೂಕ. ಶೇ 1 ಕಡಿಮೆಯಾದರೆ 199 ಘಟಕ, ಸುಮಾರು 60,000. ಲೇಬಲ್ ಮೇಲೆ ಶೇ 98 ಶುದ್ಧ ಎಂದು ಬರೆದ 6ಎಫ್‌ಡಿಎಯನ್ನು ಹಾಗೇ ಬಳಸಿ ಉದ್ದ ಸರಪಳಿ ನಿರೀಕ್ಷಿಸುವುದು ಸರಿಯಲ್ಲ ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಸರಪಳಿ ಎಷ್ಟು ಉದ್ದವಾಗಿದೆ ಎಂದು ಅಳೆಯಲು: ಒಣ ಪಾಲಿಮರನ್ನು ಎನ್‌ಎಂಪಿಯಲ್ಲಿ 100 ಮಿಲಿಲೀಟರ್‌ಗೆ 0.5 ಗ್ರಾಂ ಸಾಂದ್ರತೆಯಲ್ಲಿ ಕರಗಿಸಿ, 30 ಡಿಗ್ರಿಯಲ್ಲಿ ಇನ್ಹೆರೆಂಟ್ ಸ್ನಿಗ್ಧತೆ ನೋಡಿ. ಗ್ರಾಂಗೆ 0.5 ಡೆಸಿಲೀಟರ್‌ಗಿಂತ ಕೆಳಗಿದ್ದರೆ ಫಿಲ್ಮ್ ಸಾಮಾನ್ಯವಾಗಿ ಸೀಳುತ್ತದೆ. 0.8 ದಾಟಿದರೆ ಮಡಿಸಿದರೂ ಮುರಿಯದ ಫಿಲ್ಮ್ ಸಿಗುತ್ತದೆ.

ದಪ್ಪವಾಗಿದ್ದ ಪಾಲಿಅಮಿಕ್ ಆಸಿಡ್ ದ್ರಾವಣ ಕೆಲವು ದಿನ ಮೇಜಿನ ಮೇಲಿದ್ದು ತೆಳುವಾಗಿದ್ದರೆ ಅದು ಬೇರೆ ಕಥೆ. ಅಮಿಕ್ ಆಸಿಡ್ ನಿಧಾನವಾಗಿ ಹಿಂದಕ್ಕೆ ಅನ್‌ಹೈಡ್ರೈಡ್ ಮತ್ತು ಅಮೈನ್ ಆಗಿ ಒಡೆಯುತ್ತದೆ, ಹಾಗೆ ಹುಟ್ಟಿದ ಅನ್‌ಹೈಡ್ರೈಡನ್ನು ನೀರು ತಿನ್ನುತ್ತದೆ. ಇಡಲೇಬೇಕಾದರೆ ಬಿಗಿಯಾಗಿ ಮುಚ್ಚಿ ಫ್ರೀಜರ್‌ನಲ್ಲಿ, ಮೈನಸ್ 18ರಲ್ಲಿ ಇಡಿ. ತೆಗೆದಾಗ ಕೋಣೆಯ ತಾಪಮಾನಕ್ಕೆ ಬರುವವರೆಗೆ ಮುಚ್ಚಳ ತೆರೆಯಬೇಡಿ, ತಣ್ಣನೆಯ ಬಾಟಲಿಯೊಳಗೆ ಗಾಳಿಯ ತೇವ ಇಳಿಯುತ್ತದೆ.

ಉಲ್ಟಾ ತೊಂದರೆ: ತೀರಾ ದಪ್ಪವಾಗಿ ಕೈಗೆ ಸಿಗುತ್ತಿಲ್ಲ. ಅಣುತೂಕ ಹಿಡಿತದಲ್ಲಿಡುವುದು ಹೇಗೆ?

ಸರಪಳಿಯ ತುದಿ ಮುಚ್ಚುವ ಥ್ಯಾಲಿಕ್ ಅನ್‌ಹೈಡ್ರೈಡ್ ಬಳಸಿ. ಅಣುತೂಕ 30,000 ಬೇಕೆಂದರೆ ಒಡಿಎ 4.005 ಗ್ರಾಂ ಹಾಗೇ ಇರಲಿ, 6ಎಫ್‌ಡಿಎ 8.707 ಗ್ರಾಂಗೆ ಇಳಿಸಿ, ಥ್ಯಾಲಿಕ್ ಅನ್‌ಹೈಡ್ರೈಡ್ 0.1185 ಗ್ರಾಂ ಸೇರಿಸಿ. ತುದಿಯಲ್ಲಿ ಅಮೈನ್ ಉಳಿಯದ ಕಾರಣ ಬಿಸಿ ಮಾಡಿದಾಗ ಬಣ್ಣವೂ ಕಡಿಮೆ ಏರುತ್ತದೆ.

ಇಮೈಡ್ ಉಂಗುರವನ್ನು ರಾಸಾಯನಿಕವಾಗಿ ಮುಚ್ಚುವುದೋ, ಬಿಸಿಯಿಂದ ಮುಚ್ಚುವುದೋ?

ಕರಗುವ ಪುಡಿ ಬೇಕಾದರೆ ರಾಸಾಯನಿಕ ವಿಧಾನವೇ ನಮ್ಮ ಆಯ್ಕೆ. ಪಾಲಿಅಮಿಕ್ ಆಸಿಡನ್ನು ಗಾಜಿನ ಮೇಲೆ ಹರಡಿ 100, 200, 300 ಡಿಗ್ರಿಗಳಲ್ಲಿ ಒಂದೊಂದು ಗಂಟೆ ಇಟ್ಟರೂ ಉಂಗುರ ಮುಚ್ಚುತ್ತದೆ, ಆದರೆ 300 ಡಿಗ್ರಿ ಕಂಡ ಫಿಲ್ಮ್ ಹಲವು ಸಲ ಪೂರ್ತಿ ಕರಗುವುದಿಲ್ಲ.

ಮೂರನೆಯ ದಾರಿ ದ್ರಾವಣದಲ್ಲೇ ಬಿಸಿ ಮಾಡುವುದು. ಎನ್‌ಎಂಪಿ ಮತ್ತು ಆರ್ಥೋ-ಡೈಕ್ಲೋರೋಬೆಂಜೀನ್ 4:1 ಮಿಶ್ರಣದಲ್ಲಿ 180 ಡಿಗ್ರಿ, ಡೀನ್-ಸ್ಟಾರ್ಕ್ ಕೊಳವೆಯಲ್ಲಿ ನೀರು ತೆಗೆಯುತ್ತ. ಮೇಲಿನ ಪ್ರಮಾಣಕ್ಕೆ ಹೊರಬರಬೇಕಾದ ನೀರು 0.72 ಮಿಲಿಲೀಟರ್. ದೊಡ್ಡ ಬ್ಯಾಚಿಗೆ ಇದು ಅಗ್ಗ, ಅಸೆಟಿಕ್ ಆಸಿಡ್-ಪಿರಿಡೀನ್ ತ್ಯಾಜ್ಯವೂ ಇಲ್ಲ. ಮಧ್ಯದಲ್ಲಿ ದ್ರಾವಣ ತೆಳುವಾಗಿ ಮತ್ತೆ ದಪ್ಪವಾಗುವುದು ಸಹಜ: ಸರಪಳಿ ಒಡೆದು, ನೀರು ಹೋದಂತೆ ಮತ್ತೆ ಬೆಸೆಯುತ್ತದೆ. ಅದನ್ನು ನೋಡಿ ಬ್ಯಾಚ್ ಕೆಟ್ಟಿತೆಂದು ನಿಲ್ಲಿಸಬೇಡಿ. ಚಟುವಟಿಕೆ ಕಡಿಮೆ ಇರುವ ಡೈಅಮೈನ್‌ಗಳಿಗೆ ಮೆಟಾ-ಕ್ರೆಸಾಲ್‌ನಲ್ಲಿ ಕೆಲವು ಹನಿ ಐಸೋಕ್ವಿನೋಲಿನ್ ಹಾಕಿ 180ರಿಂದ 200 ಡಿಗ್ರಿಯಲ್ಲಿ ಒಂದೇ ಹಂತದಲ್ಲಿ ಮಾಡುವ ರೂಢಿಯಿದೆ.

ಅಸೆಟಿಕ್ ಅನ್‌ಹೈಡ್ರೈಡ್ ಹಾಕಿದ ಮೇಲೆ ಎಲ್ಲ ಜೆಲ್ ಆಯಿತು. ಉಳಿಸಬಹುದೇ?

ಮೊದಲು ಎನ್‌ಎಂಪಿ ಸೇರಿಸಿ 60 ಡಿಗ್ರಿಗೆ ಬಿಸಿ ಮಾಡಿ. ಕರಗಿದರೆ ಅದು ಸಾಂದ್ರತೆಯ ತೊಂದರೆ, ಮುಂದಿನ ಸಲ ಶೇ 10 ಘನಾಂಶದಲ್ಲಿ ಮಾಡಿ. ಕರಗದಿದ್ದರೆ ನೀವು ಆರಿಸಿದ ಮೊನೊಮರ್ ಜೋಡಿಯ ಇಮೈಡ್ ಆ ದ್ರಾವಕದಲ್ಲಿ ಕರಗುವಂಥದ್ದೇ ಅಲ್ಲ. ಪಿಎಂಡಿಎ-ಒಡಿಎಗೆ ಹೀಗೇ ಆಗುತ್ತದೆ.

ಉಂಗುರ ಪೂರ್ತಿ ಮುಚ್ಚಿದೆ ಎಂದು ತಿಳಿಯುವುದು ಹೇಗೆ?

ಎಫ್‌ಟಿಐಆರ್‌ನಲ್ಲಿ 1780, 1720, 1370 ಮತ್ತು 720ರ ಸುಮಾರಿಗೆ ಇಮೈಡ್ ಪಟ್ಟಿಗಳು ಬರಬೇಕು. 1650 ಮತ್ತು 1540ರ ಅಮೈಡ್ ಪಟ್ಟಿಗಳು ಮಾಯವಾಗಬೇಕು. 1780ರ ಪಟ್ಟಿಯೊಂದನ್ನೇ ನಂಬಬೇಡಿ, ಅನ್‌ಹೈಡ್ರೈಡ್ ಕೂಡ ಅಲ್ಲೇ ಕಾಣಿಸುತ್ತದೆ. ಲೆಕ್ಕ ಬೇಕಾದರೆ 1370ರ ಪಟ್ಟಿಯನ್ನು ಬೆಂಜೀನ್ ಉಂಗುರದ 1500ರ ಪಟ್ಟಿಯಿಂದ ಭಾಗಿಸಿ, 300 ಡಿಗ್ರಿಯಲ್ಲಿ ಬೇಯಿಸಿದ ಮಾದರಿಯ ಜೊತೆ ಹೋಲಿಸಿ. 1800ರ ಬಳಿ ಮತ್ತು 920ರ ಬಳಿ ಹೊಸ ಪಟ್ಟಿ ಕಂಡರೆ ಐಸೋಇಮೈಡ್ (ಬೇರೆ ರೀತಿಯಲ್ಲಿ ಮುಚ್ಚಿಕೊಂಡ ಉಂಗುರ) ಉಳಿದಿದೆ, ಇನ್ನಷ್ಟು ಬಿಸಿ ಬೇಕು. ಪಾಲಿಮರ್ ಕರಗುವುದರಿಂದ ಎನ್‌ಎಂಆರ್ ಇನ್ನೂ ಖಚಿತ: ಡ್ಯೂಟೀರಿಯಂ ಸೇರಿದ ಡಿಎಂಎಸ್‌ಒದಲ್ಲಿ 10.5 ಪಿಪಿಎಂ ಬಳಿಯ ಅಮೈಡ್ ಹೈಡ್ರೋಜನ್ ಕಾಣಬಾರದು.

ಫಿಲ್ಮ್ ಬಿಳಿಚಿಕೊಳ್ಳುತ್ತದೆ, ಗುಳ್ಳೆ ಬರುತ್ತದೆ. ಏಕೆ?

ಬಿಳಿಚುವುದು ಗಾಳಿಯ ತೇವದಿಂದ. ಎನ್‌ಎಂಪಿ, ಡಿಎಂಎಸಿ (ಡೈಮೀಥೈಲ್ ಅಸೆಟಮೈಡ್) ಎರಡೂ ದ್ರಾವಕಗಳು ನೀರು ಹೀರುತ್ತವೆ. ಮೇಲ್ಪದರದಲ್ಲಿ ನೀರು ಹೆಚ್ಚಾದ ಕೂಡಲೇ ಪಾಲಿಮರ್ ಅಲ್ಲೇ ಗರಣೆಗಟ್ಟುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ತೆರೆದ ಮೇಜಿನ ಮೇಲೆ ಪಾರದರ್ಶಕ ಫಿಲ್ಮ್ ಎಳೆಯುವುದು ಬಹಳ ಕಷ್ಟ. ಹರಡಿದ ತಕ್ಷಣ ಗಾಜನ್ನು ಮೊದಲೇ ಬಿಸಿಯಾದ 60-80 ಡಿಗ್ರಿ ಓವನ್‌ಗೆ ಸೇರಿಸಿ, ಅಥವಾ ಒಣ ನೈಟ್ರೋಜನ್ ಹರಿಯುವ ಪೆಟ್ಟಿಗೆಯಲ್ಲಿ ಇಡಿ.

ಗುಳ್ಳೆ ಬರುವುದು ಬಿಸಿ ಬೇಗ ಏರಿಸಿದ್ದರಿಂದ. ಮೇಲೆ ಚರ್ಮ ಕಟ್ಟಿದ ಮೇಲೆ ಒಳಗಿನ ದ್ರಾವಕ ಕುದಿಯುತ್ತದೆ. ಶೇ 12ರ ದ್ರಾವಣವನ್ನು 1 ಮೈಕ್ರಾನ್ ಪಿಟಿಎಫ್‌ಇ ಸೋಸುಕದಲ್ಲಿ ಸೋಸಿ, ಗಾಳಿ ಬಿಡಲು ಒಂದು ರಾತ್ರಿ ಮುಚ್ಚಿಟ್ಟು, 300 ಮೈಕ್ರಾನ್ ದಪ್ಪಕ್ಕೆ ಹರಡಿದರೆ ಒಣಗಿದ ಮೇಲೆ ಸುಮಾರು 25 ಮೈಕ್ರಾನ್ ಫಿಲ್ಮ್ ಸಿಗುತ್ತದೆ. 80 ಡಿಗ್ರಿಯಲ್ಲಿ 4 ಗಂಟೆ, 120ರಲ್ಲಿ 2, 200ರಲ್ಲಿ 2, ಕೊನೆಗೆ ನಿರ್ವಾತದಲ್ಲಿ 250ರಲ್ಲಿ 2. ಗಾಜಿನಿಂದ ಬಿಡದಿದ್ದರೆ ಬಿಸಿನೀರಲ್ಲಿ ನೆನೆಸಿ, ಬ್ಲೇಡಿನಿಂದ ಕೆರೆಯಬೇಡಿ.

ನಮ್ಮ ಟಿಜಿ ಪ್ರಕಟಿತ ಅಂಕಿಗಿಂತ 40 ಡಿಗ್ರಿ ಕಡಿಮೆ ಬರುತ್ತಿದೆ.

ಹೆಚ್ಚಿನ ಸಲ ಇದು ಉಳಿದ ಎನ್‌ಎಂಪಿ. ಅದರ ಕುದಿಬಿಂದು 202 ಆದರೂ 200 ಡಿಗ್ರಿ ಕಂಡ ಫಿಲ್ಮಿನಲ್ಲೂ ಸ್ವಲ್ಪ ಉಳಿದಿರುತ್ತದೆ, ಸರಪಳಿಗಳ ನಡುವೆ ಜಾರುಕವಾಗಿ ಕೆಲಸ ಮಾಡುತ್ತದೆ. ಟಿಜಿಎಯಲ್ಲಿ (ಬಿಸಿ ಮಾಡುತ್ತ ತೂಕ ಅಳೆಯುವ ಪರೀಕ್ಷೆ) 150ರಿಂದ 280ರ ನಡುವೆ ತೂಕ ಇಳಿದಿದೆಯೇ ನೋಡಿ. ಟಿಜಿ ಅಳೆಯುವ ಡಿಎಸ್‌ಸಿ ಪರೀಕ್ಷೆಯಲ್ಲಿ ಮೊದಲ ಬಿಸಿಯ ಅಂಕಿ ಬಿಟ್ಟು ಎರಡನೆಯ ಬಿಸಿಯದನ್ನು ಬರೆಯಿರಿ.

ಟಿಜಿಎಯಲ್ಲಿ 520 ಡಿಗ್ರಿವರೆಗೆ ತೂಕ ಇಳಿದಿಲ್ಲ. 500 ಡಿಗ್ರಿಯಲ್ಲಿ ಬಳಸಬಹುದಲ್ಲವೇ?

ಬಳಸಲಾಗದು. ನಿಮಿಷಕ್ಕೆ 10 ಡಿಗ್ರಿಯಂತೆ ನೈಟ್ರೋಜನ್‌ನಲ್ಲಿ ಬಿಸಿ ಮಾಡಿದಾಗ ಪಾಲಿಮರ್ 500ರ ಆಸುಪಾಸಿನಲ್ಲಿ ಇರುವುದು ಒಂದೆರಡು ನಿಮಿಷ. ಗಾಳಿಯಲ್ಲಿ, ನೂರಾರು ಗಂಟೆ, ಭಾರ ಹೊತ್ತು ನಿಲ್ಲುವುದು ಬೇರೆಯೇ ಪರೀಕ್ಷೆ. ಜೊತೆಗೆ ಕರಗುವ ಪಾಲಿಇಮೈಡ್‌ಗೆ ಸ್ಫಟಿಕ ಭಾಗ ಇಲ್ಲದ್ದರಿಂದ ಟಿಜಿ ದಾಟಿದ ಕೂಡಲೇ ಬಿಗಿ ಕಳೆದುಕೊಳ್ಳುತ್ತದೆ. ಟಿಜಿ 300 ಇದ್ದರೆ 250ರ ಮೇಲೆ ಭಾರ ಹೊರಿಸುವ ಮುನ್ನ ಯೋಚಿಸಿ. ಪ್ರಬಂಧಗಳಲ್ಲಿ ಟಿಜಿಎ ಅಂಕಿಯೊಂದನ್ನೇ ಶಾಖ ತಡೆಯುವ ಗುಣವೆಂದು ಬರೆಯುವ ಅಭ್ಯಾಸ ಹೋಗಬೇಕು. ಗಾಳಿಯಲ್ಲಿ ಒಂದೇ ತಾಪಮಾನದಲ್ಲಿಟ್ಟು ತೂಕ ಮತ್ತು ಬಲ ಎಷ್ಟು ಇಳಿಯಿತು ಎಂದು ಕೊಟ್ಟರೆ ಓದುಗರಿಗೆ ಉಪಯೋಗ.

ಪುಡಿ ಟಿಎಚ್‌ಎಫ್ ದ್ರಾವಕದಲ್ಲಿ ಕರಗುತ್ತಿತ್ತು, ಬಿಸಿ ಮಾಡಿದ ಫಿಲ್ಮ್ ಕರಗುತ್ತಿಲ್ಲ.

ಸರಪಳಿಗಳ ನಡುವೆ ಅಡ್ಡಬಂಧ ಆಗಿದೆ. ಬೆಂಜೋಫೀನೋನ್ ಇರುವ ಬಿಟಿಡಿಎ ಪಾಲಿಮರ್‌ಗಳಲ್ಲಿ, ಮೀಥೈಲ್ ಗುಂಪು ಇರುವವುಗಳಲ್ಲಿ, ತುದಿ ಮುಚ್ಚದವುಗಳಲ್ಲಿ ಇದು ಹೆಚ್ಚು. ಪೊರೆ ತಯಾರಿಸುವವರು ಇದನ್ನು ಬೇಕೆಂದೇ ಮಾಡುತ್ತಾರೆ: ಮ್ಯಾಟ್ರಿಮಿಡ್ ಅಥವಾ ಪಿ84 ಎಂಬ ಮಾರುಕಟ್ಟೆಯ ಪಾಲಿಇಮೈಡ್‌ಗಳ ದ್ರಾವಣದಿಂದ ಪೊರೆ ಎಳೆದು, ಆಮೇಲೆ ಡೈಅಮೈನ್ ದ್ರಾವಣದಲ್ಲಿ ಅದ್ದಿ ಅಡ್ಡಬಂಧ ಹಾಕಿ, ಸಾವಯವ ದ್ರಾವಕ ತಡೆಯುವಂತೆ ಮಾಡುತ್ತಾರೆ.

ಬಣ್ಣವಿಲ್ಲದ ಪಾಲಿಇಮೈಡ್ ಬೇಕಾದರೆ?

ಹಳದಿ ಬಣ್ಣಕ್ಕೂ ಕರಗದಿರುವುದಕ್ಕೂ ಕಾರಣ ಒಂದೇ, ಆ ಎಲೆಕ್ಟ್ರಾನ್ ಸೆಳೆತ. ಆದ್ದರಿಂದ ಕರಗುವಂತೆ ಮಾಡಿದರೆ ಬಣ್ಣವೂ ತಿಳಿಯಾಗುತ್ತದೆ. 6ಎಫ್‌ಡಿಎ ಜೊತೆ ಒಡಿಎ ಬದಲು ಟಿಎಫ್‌ಎಂಬಿ ಬಳಸಿದರೆ ತೆಳು ಫಿಲ್ಮ್ ಬಹುತೇಕ ಬಣ್ಣರಹಿತ. 2019ರ ಮಡಿಸುವ ಫೋನ್‌ಗಳ ಪರದೆಯ ಮೇಲಿನ ಹೊದಿಕೆಗೆ ಬಣ್ಣರಹಿತ ಪಾಲಿಇಮೈಡ್ ಬಳಸಲಾಯಿತು. ಟಿಎಫ್‌ಎಂಬಿ ಅಮೈನ್‌ನ ಚಟುವಟಿಕೆ ಒಡಿಎಗಿಂತ ಕಡಿಮೆ, ಹಾಗಾಗಿ ಕೋಣೆಯ ತಾಪಮಾನದಲ್ಲಿ 24 ಗಂಟೆಗಿಂತ ಹೆಚ್ಚು ಸಮಯ ಕೊಡಿ.

ಪಾಲಿಇಮೈಡೇ ಬೇಕೇ? ಬೇರೆ ಕರಗುವ ಆರೊಮ್ಯಾಟಿಕ್ ಪಾಲಿಮರ್ ಇಲ್ಲವೇ?

ಇವೆ. 180 ಡಿಗ್ರಿ ಸಾಕಾದರೆ ಪಾಲಿಈಥರ್‌ಸಲ್ಫೋನ್ ಕೊಂಡುಕೊಳ್ಳಿ: ಟಿಜಿ 220ರ ಮೇಲೆ, ಎನ್‌ಎಂಪಿಯಲ್ಲಿ ಸಲೀಸಾಗಿ ಕರಗುತ್ತದೆ, ಬೆಲೆಯೂ ಕಡಿಮೆ. ಪಾಲಿಬೆಂಜಿಮಿಡಜೋಲ್‌ನ ಟಿಜಿ 400 ದಾಟುತ್ತದೆ, ಆದರೆ ಕರಗಿಸಲು ಲಿಥಿಯಂ ಕ್ಲೋರೈಡ್ ಬೆರೆಸಿದ ಬಿಸಿ ಡಿಎಂಎಸಿ ಬೇಕು, ತೇವವನ್ನೂ ಹೀರುತ್ತದೆ. ಕೆವ್ಲಾರ್ ಕರಗುವುದು ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ. ಪಾಲಿಅಮೈಡ್-ಇಮೈಡ್ ಮೋಟಾರ್ ವೈಂಡಿಂಗ್ ತಂತಿಯ ಮೇಲಿನ ಎನಾಮಲ್ ಆಗಿ ದಿನವೂ ಟನ್‌ಗಟ್ಟಲೆ ಬಳಕೆಯಾಗುತ್ತದೆ. 6ಎಫ್‌ಡಿಎಯಂಥ ದುಬಾರಿ ಮೊನೊಮರ್‌ಗೆ ಕೈಹಾಕುವುದು ಅನಿಲ ಬೇರ್ಪಡಿಸುವ ಪೊರೆ, ಪಾರದರ್ಶಕ ಫಿಲ್ಮ್, ಕಡಿಮೆ ಡೈಎಲೆಕ್ಟ್ರಿಕ್ ಸ್ಥಿರಾಂಕದ ಪದರ ಬೇಕಾದಾಗ ಮಾತ್ರ. ಕ್ಯಾಪ್ಟನ್‌ನಲ್ಲಿ ಈ ಸ್ಥಿರಾಂಕ 3.4ರ ಸುಮಾರು, 6ಎಫ್‌ಡಿಎ ಪಾಲಿಮರ್‌ಗಳಲ್ಲಿ 2.6ರಿಂದ 2.9.

ಸುರಕ್ಷತೆಗೆ ಏನೇನು ನೋಡಬೇಕು?

ಎನ್‌ಎಂಪಿ ಗರ್ಭದಲ್ಲಿರುವ ಶಿಶುವಿಗೆ ಹಾನಿಕರ, ಚರ್ಮದ ಮೂಲಕವೂ ಒಳಸೇರುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2020ರಿಂದ ಅದರ ಬಳಕೆಗೆ ಕಟ್ಟುನಿಟ್ಟಿನ ಮಿತಿಗಳಿವೆ. ಎಲ್ಲ ಲ್ಯಾಬ್‌ಗಳಲ್ಲಿ ಸಿಗುವ ತೆಳು ನೈಟ್ರೈಲ್ ಗ್ಲೌಸ್ ಅದನ್ನು ತಡೆಯುವುದಿಲ್ಲ, ಬ್ಯುಟೈಲ್ ರಬ್ಬರ್ ಗ್ಲೌಸ್ ಬೇಕು. ಒಡಿಎ ಕ್ಯಾನ್ಸರ್‌ಕಾರಕವಿರಬಹುದು ಎಂದು ವರ್ಗೀಕೃತವಾಗಿದೆ. ಪುಡಿ ಹಾರದಂತೆ, ಮಾಸ್ಕ್ ಹಾಕಿಯೇ ತೂಗಿ. ಮೆಟಾ-ಕ್ರೆಸಾಲ್ ಚರ್ಮ ಸುಡುತ್ತದೆ.

ಮೆಥನಾಲ್ ಸೋಸಿದ ದ್ರವದಲ್ಲಿ ಎನ್‌ಎಂಪಿ, ಪಿರಿಡೀನ್, ಅಸೆಟಿಕ್ ಆಸಿಡ್ ಎಲ್ಲವೂ ಇವೆ. ಸಿಂಕಿಗೆ ಸುರಿಯದೆ ಸಾವಯವ ತ್ಯಾಜ್ಯದ ಕ್ಯಾನಿಗೆ ಹಾಕಿ ಲೇಬಲ್ ಅಂಟಿಸಿ. ಕ್ಲೋರೋಫಾರ್ಮ್ ಅಥವಾ ಡೈಕ್ಲೋರೋಬೆಂಜೀನ್ ಬಳಸಿದ್ದರೆ ಕ್ಲೋರಿನ್ ಇರುವ ದ್ರಾವಕಗಳ ಕ್ಯಾನ್ ಬೇರೆ. ಫ್ಲಾಸ್ಕಿನ ಗೋಡೆಗೆ ಅಂಟಿದ ಪಾಲಿಮರನ್ನು ಒಣಗಲು ಬಿಡಬೇಡಿ, ಅದೇ ದಿನ ಬೆಚ್ಚಗಿನ ಎನ್‌ಎಂಪಿ ಸ್ವಲ್ಪ ಹಾಕಿ ಅಲ್ಲಾಡಿಸಿ ತೆಗೆದರೆ ಗಾಜು ಸ್ವಚ್ಛವಾಗುತ್ತದೆ.